ಮಡಿಯೂ ಫೋಲ್ಡೂ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಪಠ್ಯ)



ಇದೇ ಶಾಲೆಯಲ್ಲಿ ಓದಿ, ಮುಂದೆ ಗಣಿತದ ಮೇಷ್ಟ್ರಾದವನು ನಾನು. ಇಂದು ಒಂದೇ ಒಂದು ಪದದ ಬಗ್ಗೆ ಮಾತನಾಡುತ್ತೇನೆ.

ಇಲ್ಲಿಂದ ಪಿಯುಸಿ ವಿಜ್ಞಾನಕ್ಕೆ ಹೋಗುವ ಮಕ್ಕಳನ್ನು ಲೆಕ್ಕಕ್ಕಿಂತ ಲೆಕ್ಕದ ಇಂಗ್ಲಿಷೇ ಹೆಚ್ಚು ಹೆದರಿಸುತ್ತದೆ. ಪುಸ್ತಕದಲ್ಲಿ ‘ಟೂಫೋಲ್ಡ್’, ‘ಟೆನ್‌ಫೋಲ್ಡ್’ ಎಂದು ಕಂಡರೆ ಸಾಕು, ಗೊತ್ತಿದ್ದ ಲೆಕ್ಕವೂ ಕೈ ಬಿಡುತ್ತದೆ.

ಫೋಲ್ಡ್ ಎಂದರೆ ಮಡಿಸುವುದು. ಪಂಚೆ ಮಡಿಸಿದರೆ ಪದರದ ಮೇಲೆ ಪದರ ಬರುತ್ತದಲ್ಲ, ಆ ಪದರಗಳ ಎಣಿಕೆಯೇ ಈ ಪದ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲೂ ಇದು ಇತ್ತು. ‘ಮೆನಿ’ಗೆ ‘ಫೋಲ್ಡ್’ ಸೇರಿ ‘ಮ್ಯಾನಿಫೋಲ್ಡ್’ ಆಯಿತು. ಅಂದರೆ ಹಲವು ಪಟ್ಟು, ಬಹುವಿಧ. ಗುಣಿಸು ಎನ್ನುವ ‘ಮಲ್ಟಿಪ್ಲೈ’ ಲ್ಯಾಟಿನ್ ಮೂಲದ್ದು. ಅದರೊಳಗೂ ‘ಬಹಳ’ ಮತ್ತು ‘ಮಡಿಕೆ’ ಎಂಬ ಎರಡು ಅರ್ಥಗಳೇ ಇವೆ.

ಈಗ ನಮ್ಮ ಮಾತಿಗೆ ಬನ್ನಿ. ಇಮ್ಮಡಿ, ಮುಮ್ಮಡಿ, ನೂರ್ಮಡಿ. ಇಲ್ಲಿರುವುದು ಅಜ್ಜಿಯ ಮಡಿ-ಮೈಲಿಗೆಯ ಮಡಿಯಲ್ಲ, ಬಟ್ಟೆ ಮಡಿಸುವ ಮಡಿ! ಇಮ್ಮಡಿ ಪುಲಕೇಶಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಎನ್ನುವಾಗ ಇದೇ ಪದ ಎರಡನೆಯ, ನಾಲ್ಕನೆಯ ಎಂಬ ಅರ್ಥ ಕೊಡುತ್ತದೆ. ಸಂಸ್ಕೃತದವರು ಬಟ್ಟೆಯ ಬದಲು ಹಗ್ಗ ನೋಡಿದರು. ‘ಗುಣ’ ಎಂದರೆ ಹಗ್ಗದ ಎಳೆ ಎಂಬ ಅರ್ಥವೂ ಉಂಟು. ದ್ವಿಗುಣ, ತ್ರಿಗುಣ, ನಮ್ಮ ಗುಣಾಕಾರ ಎಲ್ಲವೂ ಆ ಪದದಿಂದ ಬಂದವು.

ಆದರೆ ಮಕ್ಕಳೇ, ಒಂದು ಎಚ್ಚರಿಕೆ. ಕಾಗದವನ್ನು ನಡುವಿಗೆ 3 ಸಲ ಮಡಿಸಿ ಎಣಿಸಿದರೆ 8 ಪದರ. ಮುಮ್ಮಡಿ ಎಂದರೆ ಮಾತ್ರ 3 ಪಟ್ಟು, 8 ಅಲ್ಲ. ಎಣಿಸಬೇಕಾದದ್ದು ಪದರವನ್ನು, ಮಡಿಸಿದ ಸಲವನ್ನಲ್ಲ. ಹಾಗೆಯೇ 5 ಕ್ವಿಂಟಲ್ ರಾಗಿಯ ಇಳುವರಿ ಟೂಫೋಲ್ಡ್ ಆಯಿತೆಂದರೆ ಒಟ್ಟು 10 ಕ್ವಿಂಟಲ್, 15 ಅಲ್ಲ.

ಇಂಗ್ಲಿಷಿನವರು ನಮ್ಮಿಂದ ಕಡ ತಂದದ್ದಲ್ಲ, ನಾವು ಅವರಿಂದ ತಂದದ್ದಲ್ಲ. ದೂರದೂರದ ಎರಡು ಜನ ಬಟ್ಟೆ ಮಡಿಸುತ್ತಲೇ ಒಂದೇ ಲೆಕ್ಕ ಕಂಡುಕೊಂಡರು. ಹಾಗಾಗಿ ಕನ್ನಡದಲ್ಲಿ ಕಲಿತ ಲೆಕ್ಕ ಕಡಿಮೆಯ ಲೆಕ್ಕವಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಯಿರಿ. ಹೊಸ ಪದ ಎದುರಾದಾಗ ಹೆದರಿ ಪುಸ್ತಕ ಮುಚ್ಚಬೇಡಿ, ಅದನ್ನು ಬಿಡಿಸಿ ನೋಡಿ. ಒಳಗೆ ನಿಮಗೆ ಗೊತ್ತಿರುವುದೇ ಇರಬಹುದು.

50 ವರ್ಷ ತುಂಬಿದ ನಮ್ಮ ಶಾಲೆಯ ಕೀರ್ತಿ ನಿಮ್ಮಿಂದ ನೂರ್ಮಡಿಯಾಗಲಿ.