ನಿತ್ಯದ ಆತ್ಮಪರೀಕ್ಷೆ



ವ್ಯಾಪಾರದಲ್ಲಿ ನುರಿತವನು ಪ್ರತಿದಿನವೂ ಅಂಗಡಿಯ ಬಾಗಿಲನ್ನು ಮುಚ್ಚುವುದಕ್ಕೆ ಮೊದಲು ಕಿರ್ದಿಯನ್ನು ಬರೆದು ಮುಗಿಸುತ್ತಾನೆ. ಬಂದುದೆಷ್ಟು, ಹೋದುದೆಷ್ಟು, ಕೊಡತಕ್ಕುದೆಷ್ಟು ಎಂಬುದನ್ನು ಅಂದಂದೇ ತಿಳಿದವನಿಗೆ ಬೆಲೆಗಳು ಕುಸಿದ ವರ್ಷದಲ್ಲಿಯೂ ತನ್ನ ನೆಲೆ ಗೊತ್ತಿರುತ್ತದೆ. ಲೆಕ್ಕವನ್ನು ನಾಳೆಗೆ ತಳ್ಳುತ್ತ ಬಂದವನು ಆಗ ದಿಕ್ಕುಗೆಡುತ್ತಾನೆ. ಮನಸ್ಸಿನ ವ್ಯವಹಾರವೂ ಇಂತಹುದೇ. ಕಷ್ಟವು ಬಂದೆರಗಿದ ದಿನ ಧೃತಿಯನ್ನು ಹುಡುಕಲು ಹೊರಟವನಿಗೆ ಅದು ದೊರೆಯುವುದು ದುರ್ಲಭ. ಸುಖದ ದಿನಗಳಲ್ಲಿಯೇ ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟವನಿಗೆ ಅದು ಒದಗಿಬರುತ್ತದೆ. ಹಾಗೆ ಕೂಡಿಡುವ ಉಪಾಯವೇ ನಿತ್ಯದ ಆತ್ಮಪರೀಕ್ಷೆ.

ಈ ಅಭ್ಯಾಸವು ಯಾವುದೊಂದು ದೇಶದ ಸೊತ್ತಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮ್ ನಗರದಲ್ಲಿ ಸೆನೆಕನೆಂಬ ತತ್ತ್ವಜ್ಞಾನಿಯಿದ್ದನು. ಕ್ರಿ.ಶ. 41 ರಲ್ಲಿ ಅವನು ಕಾರ್ಸಿಕ ದ್ವೀಪಕ್ಕೆ ಗಡೀಪಾರಾಗಿ, 49 ರ ವರೆಗೆ ಅಲ್ಲಿಯೇ ಕಳೆಯಬೇಕಾಯಿತು. ರಾತ್ರಿ ದೀಪವನ್ನು ತೆಗೆದ ಮೇಲೆ ಅವನು ಆ ದಿನದ ನಡೆನುಡಿಗಳನ್ನೆಲ್ಲ ಮೊದಲಿನಿಂದ ಕೊನೆಯ ವರೆಗೆ ವಿಚಾರಣೆಗೆ ತರುತ್ತಿದ್ದನು. ಅವನ ಪದ್ಧತಿಯನ್ನು ಬಲ್ಲ ಹೆಂಡತಿಯು ಆ ಹೊತ್ತಿನಲ್ಲಿ ಮೌನವಾಗಿರುತ್ತಿದ್ದಳು. ಯಾವ ತಪ್ಪನ್ನೂ ತನ್ನಿಂದ ತಾನು ಮರೆಮಾಚದಿರುವುದು, ಕಂಡ ತಪ್ಪನ್ನು ಇನ್ನೊಮ್ಮೆ ಮಾಡೆನೆಂದು ನಿಶ್ಚಯಿಸಿ ತನ್ನನ್ನು ಕ್ಷಮಿಸುವುದು, ಇವೆರಡೇ ಅವನ ನಿಯಮಗಳು. ಎರಡನೆಯ ನಿಯಮವನ್ನು ಮರೆತರೆ ಆತ್ಮಪರೀಕ್ಷೆಯು ಆತ್ಮಪೀಡನೆಯಾಗಿ, ಬಲವನ್ನು ಕೊಡುವುದರ ಬದಲು ಇದ್ದ ಬಲವನ್ನೂ ಕುಂದಿಸುವುದು.

ಅವನ ತರುವಾಯ ಒಂದು ಶತಮಾನದ ಮೇಲೆ, 161 ರಿಂದ 180 ರ ವರೆಗೆ, ಮಾರ್ಕಸ್ ಔರೇಲಿಯಸನು ರೋಮ್ ಸಾಮ್ರಾಜ್ಯದ ಚಕ್ರವರ್ತಿಯಾಗಿದ್ದನು. ಅವನ ಆಳಿಕೆಯಲ್ಲಿ ಪೂರ್ವದೇಶದ ಯುದ್ಧದಿಂದ ಹಿಂದಿರುಗಿದ ಸೈನಿಕರೊಡನೆ ಮಹಾಮಾರಿಯು ಬಂದು ನಾಡಿನಲ್ಲೆಲ್ಲ ಹಬ್ಬಿತು. ಡಾನ್ಯೂಬ್ ನದಿಯ ಎಲ್ಲೆಯಲ್ಲಿ ವರ್ಷಾನುಗಟ್ಟಲೆ ಯುದ್ಧ ನಡೆಯಿತು. ಹೆತ್ತ ಮಕ್ಕಳಲ್ಲಿ ಹೆಚ್ಚಿನವರು ಅವನ ಕಣ್ಣೆದುರಿಗೇ ತೀರಿಹೋದರು. 175 ರಲ್ಲಿ ಅವನದೇ ಸೇನಾಪತಿಯಾದ ಅವಿಡಿಯಸ್ ಕ್ಯಾಸಿಯಸನು ತಿರುಗಿಬಿದ್ದನು. ಇಂತಹ ಕಾಲದಲ್ಲಿ ಚಕ್ರವರ್ತಿಯು ದಂಡಿನ ಬಿಡಾರದಲ್ಲಿಯೂ ಕುಳಿತು, ಗ್ರೀಕ್ ಭಾಷೆಯಲ್ಲಿ, ತನಗೆ ತಾನೇ ಹೇಳಿಕೊಂಡ ಬುದ್ಧಿಮಾತುಗಳನ್ನು ಬರೆದಿಟ್ಟನು. ಲೋಕಕ್ಕೆ ತೋರಿಸುವ ಉದ್ದೇಶವಿಲ್ಲದ ಆ ಬರೆಹವು ಹನ್ನೆರಡು ಭಾಗಗಳ ಗ್ರಂಥವಾಗಿ ಉಳಿದುಬಂದಿದೆ.

ಅದರಿಂದ ಮೂರು ಅಭ್ಯಾಸಗಳು ತಿಳಿದುಬರುತ್ತವೆ. ಒಂದನೆಯದು, ಇಂದು ಕೃತಘ್ನರೂ ಅಹಂಕಾರಿಗಳೂ ಎದುರಾಗಬಹುದೆಂದು ಬೆಳಗ್ಗೆಯೇ ಮನಸ್ಸನ್ನು ಸಿದ್ಧಪಡಿಸಿಕೊಳ್ಳುವುದು. ಎರಡನೆಯದು, ತನ್ನ ಕೈಯಲ್ಲಿರುವುದು ಯಾವುದು, ಇಲ್ಲದುದು ಯಾವುದು ಎಂದು ವಿಂಗಡಿಸುವುದು. ಮಾರಿಯು ಬರುವುದು ತನ್ನ ಕೈಯಲ್ಲಿಲ್ಲ, ಅದು ಬಂದಾಗ ನ್ಯಾಯವನ್ನು ಬಿಡದಿರುವುದು ತನ್ನ ಕೈಯಲ್ಲಿದೆ. ಮೂರನೆಯದು, ಉಪಕಾರಸ್ಮರಣೆ. ಗ್ರಂಥದ ಮೊದಲನೆಯ ಭಾಗವೆಲ್ಲ ತಾತನಿಂದಲೂ ತಾಯಿಯಿಂದಲೂ ಗುರುಗಳಿಂದಲೂ ತಾನು ಕಲಿತುದರ ಎಣಿಕೆಯೇ ಆಗಿದೆ. ಇದರ ಫಲವೂ ಕಾಣದೆ ಹೋಗಲಿಲ್ಲ. ಕ್ಯಾಸಿಯಸನು ತನ್ನವರಿಂದಲೇ ಹತನಾಗಿ, ಅವನ ತಲೆಯನ್ನು ತಂದಾಗ, ಚಕ್ರವರ್ತಿಯು ಅದನ್ನು ನೋಡಲು ಒಪ್ಪದೆ ಹೂಳಿಸಿದನೆಂದು ಚರಿತ್ರಕಾರರು ಹೇಳುತ್ತಾರೆ.

ಆದರೂ ಇಷ್ಟಕ್ಕೆ ನಿಲ್ಲುವುದು ಸತ್ಯವನ್ನು ಅರ್ಧ ಹೇಳಿದಂತೆ. ಇಷ್ಟು ವಿಚಾರಶೀಲನಾದ ದೊರೆಯ ಆಳಿಕೆಯಲ್ಲಿಯೇ, 177 ರಲ್ಲಿ, ಗಾಲ್ ದೇಶದ ಲಿಯೋನ್ ನಗರದಲ್ಲಿ ಕ್ರೈಸ್ತರು ತಮ್ಮ ನಂಬಿಕೆಯ ಕಾರಣಕ್ಕಾಗಿ ಚಿತ್ರಹಿಂಸೆಗೆ ಗುರಿಯಾಗಿ ಸತ್ತರು. ಮನುಷ್ಯರನ್ನು ಗುಲಾಮರನ್ನಾಗಿ ಕೊಂಡು ಮಾರುವ ಪದ್ಧತಿಯೂ ನಡೆದೇ ಇದ್ದಿತು. ಒಬ್ಬನೇ ಕುಳಿತು ನೋಡಿಕೊಳ್ಳುವವನಿಗೆ ತನ್ನ ಕಾಲದ ಕುರುಡು ಕಾಣುವುದು ಕಠಿಣ. ಕಣ್ಣು ಎಲ್ಲವನ್ನೂ ಕಂಡರೂ ತನ್ನನ್ನು ತಾನು ಕಾಣಲಾರದು.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಈ ಕೊರತೆಯನ್ನು ಅರಿತಿದ್ದರು. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ಪ್ರತಿಯೊಬ್ಬನೂ ಏಕಾಂತದಲ್ಲಿ ತನ್ನನ್ನು ಶೋಧಿಸಿಕೊಳ್ಳುವುದರ ಜೊತೆಗೆ, ತನ್ನ ಅನುಭವವನ್ನು ಶರಣರ ಗೋಷ್ಠಿಯಲ್ಲಿ ಮುಂದಿಡುವ ಪದ್ಧತಿಯನ್ನೂ ಅವರು ಬೆಳೆಸಿದರು. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಕೇಳದ ಭಕ್ತರಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಆಸೆಯನ್ನು ಕಂಡು ಖಂಡಿಸಿ, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಮಾರಯ್ಯನು ಕೋಪಿಸಿಕೊಳ್ಳಲಿಲ್ಲ, ತಿದ್ದಿಕೊಂಡನು. ನಾಳೆಗೆಂದು ಕೂಡಿಡಲು ಏನೂ ಇಲ್ಲದ ಮನೆ ಅದು. ಅಲ್ಲಿ ಒಂದು ಹಿಡಿ ಅಕ್ಕಿ ಸಣ್ಣದಲ್ಲ. ರೋಮಿನ ಜ್ಞಾನಿಯ ಹೆಂಡತಿಯು ಸುಮ್ಮನಿದ್ದಳು. ಮಾರಯ್ಯನ ಹೆಂಡತಿಯು ಮಾತನಾಡಿದಳು. ಬಡತನದಲ್ಲಿಯೂ ಆ ಮನೆಯು ಕುಗ್ಗದೆ ನಿಂತುದಕ್ಕೆ ಈ ಮಾತೇ ಆಧಾರ.

ಆದುದರಿಂದ ಸದ್ಭಕ್ತನು ಬೆಳಗ್ಗೆ ಪೂಜೆಯ ಕಾಲದಲ್ಲಿ ಆ ದಿನ ಬರಬಹುದಾದ ಕಷ್ಟವನ್ನು ಎದುರಿಟ್ಟು ಮನಸ್ಸನ್ನು ಗಟ್ಟಿಮಾಡಿಕೊಳ್ಳಲಿ. ರಾತ್ರಿ ಮಲಗುವ ಮೊದಲು ಮಾಡಿದುದನ್ನೂ ಬಿಟ್ಟುದನ್ನೂ ಪಡೆದ ಉಪಕಾರವನ್ನೂ ಎಣಿಸಲಿ. ತಪ್ಪಿದ್ದಲ್ಲಿ ಒಪ್ಪಿ, ಕೊರಗದೆ ನಿದ್ರಿಸಲಿ. ವಾರಕ್ಕೊಮ್ಮೆಯಾದರೂ ತನ್ನ ಲೆಕ್ಕವನ್ನು ಮುಖಸ್ತುತಿಯನ್ನರಿಯದ ಒಬ್ಬರ ಮುಂದೆ ಬಿಚ್ಚಿಡಲಿ. ಅವರು ಗುರುಗಳಾಗಲಿ, ಗೆಳೆಯರಾಗಲಿ, ಮನೆಯಾಕೆಯಾಗಲಿ.

ಉತ್ಸವವು ಮುಗಿದು ಚಪ್ಪರವನ್ನು ಬಿಚ್ಚಿದ ಮೇಲೆ ಭಕ್ತರು ತಮ್ಮ ತಮ್ಮ ಊರುಗಳಿಗೆ ಹಿಂದಿರುಗುವರು. ಮಳೆ ಬಾರದ ವರ್ಷವೂ, ಸಾಲದ ಕಾಗದವೂ, ಮನೆಯಲ್ಲೊಬ್ಬರ ರೋಗವೂ ಯಾರನ್ನು ಯಾವಾಗ ಎದುರುಗೊಳ್ಳುವುವೋ ತಿಳಿಯದು. ಅಷ್ಟರಲ್ಲಿ ಕಿರ್ದಿಯನ್ನು ತೆರೆದಿಡುವುದು ಒಳ್ಳೆಯದು. ಅದಕ್ಕೆ ಈ ರಾತ್ರಿಯೇ ಸುಮುಹೂರ್ತ.