ಶಿಕ್ಷಕರ ಶಿಕ್ಷಣ: ಅನುಭವವೂ ಮಟ್ಟವೂ

ಬಿ.ಎಡ್. ತರಗತಿಗೆ ಬರುವ ಪದವೀಧರನ ಕೈಯಲ್ಲಿ ಒಂದು ಅಂಕಪಟ್ಟಿ ಇರುತ್ತದೆ. ಮುಂದೆ ಅವನು ಎದುರಿಸಬೇಕಾದ ಮಕ್ಕಳಲ್ಲಾದರೋ ಇರುವುದು ಮನೆಯ ಮಾತು, ಮನೆಯ ಬದುಕು. ಈ ಎರಡರ ನಡುವೆ ದಾರಿ ಕಂಡುಕೊಳ್ಳಲು ಕಲಿಸುವುದೇ ಶಿಕ್ಷಕರ ಶಿಕ್ಷಣದ ಮುಖ್ಯ ಕಾರ್ಯವೆಂದು ನಾನು ಬಗೆದಿದ್ದೇನೆ.

ಸವಣೂರು ತಾಲೂಕಿನ ಹತ್ತಿಮತ್ತೂರಿನ ಸುತ್ತಣ ಸೀಮೆಯನ್ನೇ ನೋಡೋಣ. ಸವಣೂರು 1948ರ ವರೆಗೆ ನವಾಬರ ಸಂಸ್ಥಾನವಾಗಿತ್ತು. ಇಲ್ಲಿ ಕನ್ನಡದ ನೆರೆಯಲ್ಲಿ ಉರ್ದು ಇದೆ. ತಾಂಡಾಗಳಲ್ಲಿ ಲಂಬಾಣಿ ನುಡಿ ಇದೆ. ಒಕ್ಕಲು ಮನೆಯ ಕನ್ನಡವೂ ಪಠ್ಯಪುಸ್ತಕದ ಕನ್ನಡವಲ್ಲ. ಇಂಥ ಮಕ್ಕಳೆಲ್ಲ ಒಂದೇ ತರಗತಿಯಲ್ಲಿ ಕುಳಿತರೆ, ಪಟ್ಟಣದ ಕಾಲೇಜಿನಲ್ಲಿ ಬರೆದುಕೊಂಡ ಪಾಠಯೋಜನೆ ಎಷ್ಟು ದೂರ ಕೈಹಿಡಿದೀತು?

ಈ ಪ್ರಶ್ನೆಗೆ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ವಿಷಯಜ್ಞಾನ ಗಟ್ಟಿಯಾಗಿದ್ದರೆ ಸಾಕು, ಉಳಿದುದು ತಾನಾಗಿ ಬರುತ್ತದೆ ಎಂಬುದು ಒಂದು. ಮಕ್ಕಳನ್ನು ಅರಿತರೆ ಸಾಕು, ಅಂಕಗಳ ಲೆಕ್ಕ ಬೇಡ ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯಗಳೇ.

ಒಂದು ಸಣ್ಣ ಉದಾಹರಣೆ. ನಾಲ್ಕು ಎರಡಕ್ಕಿಂತ ದೊಡ್ಡದಾದುದರಿಂದ ಕಾಲು ಭಾಗವು ಅರ್ಧಕ್ಕಿಂತ ದೊಡ್ಡದೆಂದು ಹಲವು ಮಕ್ಕಳು ಬರೆಯುತ್ತಾರೆ. ಅದೇ ಮಗು ಅಂಗಡಿಯಲ್ಲಿ ಪಾವು ಕಿಲೋ ಸಕ್ಕರೆಗೂ ಅರ್ಧ ಕಿಲೋ ಸಕ್ಕರೆಗೂ ಇರುವ ಭೇದವನ್ನು ಎಂದಿಗೂ ತಪ್ಪುವುದಿಲ್ಲ. ಮಗುವಿನ ಅಂಗಡಿಯನ್ನು ಅರಿಯದ ಶಿಕ್ಷಕ ಆ ಉತ್ತರಕ್ಕೆ ಕೆಂಪು ಗೆರೆ ಎಳೆದು ಸುಮ್ಮನಾಗುತ್ತಾನೆ. ಗಣಿತವನ್ನು ಅರಿಯದವನು ಪಾವು ಕಿಲೋದಲ್ಲಿಯೇ ನಿಂತುಬಿಡುತ್ತಾನೆ. ಅಲ್ಲಿಂದ ಛೇದದ ಅರ್ಥದವರೆಗೆ ಮಗುವನ್ನು ಒಯ್ಯಲಾರ. ಎರಡನ್ನೂ ಬಲ್ಲವನು ಮಾತ್ರ ಕಲಿಸಬಲ್ಲ.

ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗ 2012ರಲ್ಲಿ ಶಿಕ್ಷಕರ ಶಿಕ್ಷಣದ ಕುಂದುಕೊರತೆಗಳನ್ನು ಸರಕಾರದ ಮುಂದಿಟ್ಟಿತು. ಅನಂತರ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಒಂದು ವರ್ಷದ ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಗಳಿಗೆ ವಿಸ್ತರಿಸಿ, 20 ವಾರಗಳ ಶಾಲಾನುಭವವನ್ನು ಕಡ್ಡಾಯಗೊಳಿಸಿತು. ಉದ್ದೇಶ ಉದಾತ್ತವಾದುದೇ. ಆದರೆ ಆ ವಾರಗಳು ಹಾಜರಿ ಪುಸ್ತಕದ ಸಹಿಗಳಲ್ಲಿಯೇ ಕಳೆದುಹೋದರೆ ಅದು ಅನುಭವವಲ್ಲ. ಕಂಡುದನ್ನು ಬರೆದು, ಚರ್ಚಿಸಿ, ಪರೀಕ್ಷೆಗೆ ಒಡ್ಡಿದಾಗಲೇ ಅದು ವಿದ್ಯೆಯಾಗುತ್ತದೆ.

ಪ್ರವೇಶದ ಮಾತೂ ಇಲ್ಲಿಯೇ ಬರುತ್ತದೆ. ಅದೇ ನಿಯಮಾವಳಿ ಪದವಿಯಲ್ಲಿ ಶೇಕಡಾ 50 ಅಂಕಗಳನ್ನು ಬೇಡುತ್ತ, ಮೀಸಲು ವರ್ಗಗಳಿಗೆ ಸರಕಾರದ ನಿಯಮದಂತೆ ರಿಯಾಯಿತಿ ನೀಡಿತು. ಇದರಿಂದ ಮಟ್ಟ ಕುಸಿಯುತ್ತದೆಂದು ಗೊಣಗುವವರುಂಟು. ತಾಂಡಾದಿಂದ ಓದಿ ಬಂದ ಹೆಣ್ಣುಮಗಳೊಬ್ಬಳು ಕೆಲವು ಅಂಕಗಳನ್ನು ಕಡಿಮೆ ತಂದಿರಬಹುದು. ಆದರೆ ಸಹಪಾಠಿಗಳಾರಿಗೂ ಬಾರದ ಒಂದು ಭಾಷೆಯನ್ನೂ ಒಂದು ಲೋಕವನ್ನೂ ತಂದಿರುತ್ತಾಳೆ. ಬಾಗಿಲು ಅವಳಿಗೆ ತೆರೆದಿರಲಿ. ಹೊರಗೆ ಹೋಗುವಾಗಿನ ಅಳತೆ ಮಾತ್ರ ಎಲ್ಲರಿಗೂ ಒಂದೇ ಇರಲಿ. ಅವಳನ್ನು ಆ ಅಳತೆಗೆ ಮುಟ್ಟಿಸುವ ಹೊಣೆ ಕಾಲೇಜಿನದು. ಕನಿಕರದಿಂದ ಅಂಕ ಕೊಟ್ಟು ಕಳುಹಿಸಿದರೆ ಅವಳಿಗೂ ಅನ್ಯಾಯ, ಅವಳ ಮುಂದೆ ಕುಳಿತುಕೊಳ್ಳಲಿರುವ ಮಕ್ಕಳಿಗೂ ಅನ್ಯಾಯ.

ನೆರೆಯ ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫರು ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ಕಳಸದ ಗೋವಿಂದಭಟ್ಟರು ಆ ಮುಸಲ್ಮಾನ ತರುಣನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಶಿಷ್ಯನ ಕುಲ ಬೇರೆಯೆಂದು ಅವರು ಬಾಗಿಲು ಮುಚ್ಚಲಿಲ್ಲ. ಆ ವಿದ್ಯೆ ಎಷ್ಟು ಗಟ್ಟಿಯಾದುದೆಂಬುದಕ್ಕೆ ಈ ಸೀಮೆ ಇಂದಿಗೂ ಹಾಡುವ ಷರೀಫರ ಪದಗಳೇ ಸಾಕ್ಷಿ. ನಮ್ಮ ಶಿಕ್ಷಣ ಮಹಾವಿದ್ಯಾಲಯಗಳು ಆದರ್ಶವನ್ನು ದೂರದೇಶದಲ್ಲಿ ಅರಸಬೇಕಾಗಿಲ್ಲ. ಅದು ಹತ್ತಿಮತ್ತೂರಿನ ನೆರೆಯಲ್ಲಿಯೇ ಇದೆ.