ಸುತ್ತಿ ಬಂದ ದಾರಿ



ಮೊನ್ನೆ ಜಾಲಿಯ ನಮ್ಮ ಕಲಿಕೆ ಕೇಂದ್ರದಲ್ಲಿ ಒಬ್ಬ ಅಕ್ಕ ಸ್ಲೇಟು ಕೆಳಗಿಟ್ಟರು. "ಶಾಲೆಗೆ ಹೋಗಲಿಲ್ಲ. ಗದ್ದೆಗೆ ಹೋದೆ, ಮೀನು ಮಾರಿದೆ. ಅಷ್ಟು ವರ್ಷ ಹಾಳಾಯ್ತಲ್ಲ ಟೀಚರೇ" ಅಂದರು. ನಮಗೆ ಕೂಡಲೇ ಮಾತು ಬರಲಿಲ್ಲ. ಆಮೇಲೆ ಸುಕ್ರಜ್ಜಿಯ ಕತೆ ಹೇಳಿದೆವು.

ಹೊನ್ನಾವರ, ಕುಮಟಾ ದಾಟಿದರೆ ಅಂಕೋಲಾ. ಅಲ್ಲಿಯ ಬಡಿಗೇರಿಯವರು ಸುಕ್ರಿ ಬೊಮ್ಮಗೌಡ. ಹಾಲಕ್ಕಿ ಹೆಂಗಸು. ಶಾಲೆ ಕಲಿಯಲಿಲ್ಲ. ಸಣ್ಣ ವಯಸ್ಸಿಗೇ ಮದುವೆ. ಗಂಡ ತೀರಿಕೊಂಡರು. ಕೂಲಿ ಮಾಡಿ ಬದುಕಿದರು. ಅವ್ವನಿಂದ ಕಲಿತ ಹಾಡು ಹಾಡಿದರು. ಪುಸ್ತಕ ಇಲ್ಲ, ಎಲ್ಲಾ ಬಾಯಲ್ಲೇ! ಸಾಕಿದ ಮಗ ಕುಡಿತದಿಂದ ಸತ್ತ. ಅಜ್ಜಿ ಮನೆಯಲ್ಲೇ ಕೂರಲಿಲ್ಲ. ಹೆಂಗಸರನ್ನು ಕೂಡಿಕೊಂಡು ಸರಾಯಿಯ ವಿರುದ್ಧ ನಿಂತರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರಲ್ಲಿ ತೀರಿಕೊಂಡರು.

ಕೂಲಿ, ಹಾಡು, ಹೋರಾಟ. ಇದರಲ್ಲಿ ಹಾಳಾದ ವರ್ಷ ಯಾವುದು, ಹೇಳಿ?

ಅಕ್ಷರ ಬೇಡ ಅಂತ ನಾವು ಹೇಳುವುದಲ್ಲ. ಬೇಕೇ ಬೇಕು. ಓದದೆ ಹೆಬ್ಬೆಟ್ಟು ಒತ್ತಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಆದರೆ ಪಾಠ ಹೇಳುವ ನಾವೂ ನೆಟ್ಟಗೆ ಬಂದವರಲ್ಲ. ನಮ್ಮಲ್ಲಿ ಒಬ್ಬರು ಮೊದಲು ಬಟ್ಟೆ ಹೊಲಿಯುತ್ತಿದ್ದರು. ಇನ್ನೊಬ್ಬರು ಮಗು ಹುಟ್ಟಿದ ಮೇಲೆ ಟೀಚರ್ ತರಬೇತಿಗೆ ಹೋದರು. ಊರವರು ನಕ್ಕರು. ನಗಲಿ ಬಿಡಿ.

ಆ ಅಕ್ಕನಿಗೆ ಒಂದು ಲೆಕ್ಕ ಕೊಟ್ಟೆವು. ಒಂದು ಪಾಲು ಮೀನಿಗೆ 35 ರೂಪಾಯಿ. ಏಳು ಪಾಲಿಗೆ ಎಷ್ಟು? ನಾವು ಬೋರ್ಡಿನಲ್ಲಿ ಬರೆಯುವ ಮೊದಲೇ "ಇನ್ನೂರ ನಲವತ್ತೈದು" ಅಂದರು. ಎಲ್ಲರೂ ನಕ್ಕೆವು. ಅವರು ಸ್ಲೇಟು ಎತ್ತಿಕೊಂಡರು. 245 ಎಂದು ಬರೆದರು. ಐದು ಸ್ವಲ್ಪ ಸೊಟ್ಟ ಆಯಿತು.